ಮುನಿಸಿಗೆ ಮಾರ್ಕ್ಸ್ ಕಳೆಯಬೇಡಿ

ಸಂಪಾದಕರೇ,

ನಮ್ಮ ಮಗಳಿಗೆ ನಾಲ್ಕು ವರ್ಷ. ಬಾಗಲಕೋಟೆ ನವನಗರದಲ್ಲಿ ಎಲ್‌ಕೆಜಿಗೆ ಹೋಗುತ್ತಾಳೆ. ಕಳೆದ ವಾರ ಅವಳ ಬ್ಯಾಗಿನಲ್ಲಿ, ಊಟದ ಡಬ್ಬಿಯ ಕೆಳಗೆ, ಎಣ್ಣೆ ಹತ್ತಿದ ಒಂದು ಕಾಗದ ಸಿಕ್ಕಿತು. 'ಭಾವನಾತ್ಮಕ ಬುದ್ಧಿಮತ್ತೆ: ಹತ್ತಕ್ಕೆ ನಾಲ್ಕು, ಸುಧಾರಿಸಬೇಕು.' ಎ ಬಿ ಸಿ ಡಿ ಬರಲ್ಲ ಅಂದಿದ್ದರೆ ಸುಮ್ನೆ ಇರುತ್ತಿದ್ದೆ, ಕೂಸಿನ ಮನಸ್ಸಿಗೇ ಮಾರ್ಕ್ಸ್ ಹಾಕಿದ್ದಾರಲ್ಲ ಅಂತ ಮರುದಿನ ಶಾಲೆಗೇ ಹೋದೆ.

ಮೇಡಂ ಪಾಪ ಒಳ್ಳೆಯವರು, ಕಾರ್ಡುಗಳನ್ನು ತೆಗೆದು ತೋರಿಸಿದರು. ಒಂದರಲ್ಲಿ ಫ್ರಾಕ್ ಹಾಕಿದ ಹುಡುಗಿ ಗೋಡೆ ಕಡೆ ತಿರುಗಿ ಕೂತಿದ್ದಾಳೆ, ಹಿಂದೆ ಮೇಜಿನ ಮೇಲೆ ಕೇಕ್. ಖುಷಿ, ದುಃಖ, ಸಿಟ್ಟು, ಭಯ, ಇಷ್ಟರಲ್ಲೇ ಒಂದು ಹೇಳಬೇಕು. ಅದೂ ಇಂಗ್ಲಿಷಿನಲ್ಲಿ. 'ಸ್ಯಾಡ್' ಅಂದರೆ ಸರಿ. ನಮ್ಮವಳು ಅಂದಿದ್ದು, "ಮುನಿಸ್ಕೊಂಡಾಳ. ಅವರವ್ವ ಬಂದು ರಂಬಿಸ್ಬೇಕು." ಅದಕ್ಕೆ ಸೊನ್ನೆ!

ಮುನಿಸು ಅಂದರೆ ದುಃಖ ಅಲ್ಲ, ಬರೀ ಸಿಟ್ಟೂ ಅಲ್ಲ. ಸಿಟ್ಟು ಗುರುತಿಲ್ಲದವರ ಮೇಲೂ ಬರುತ್ತದೆ, ಮುನಿಸು ಬರುವುದು ನಮ್ಮವರ ಮೇಲೆ ಮಾತ್ರ. ಆ ಹುಡುಗಿಗೆ ಏನಾಗಿದೆ, ಈಗ ಯಾರು ಏನು ಮಾಡಬೇಕು, ಎರಡನ್ನೂ ಕೂಸು ಹೇಳಿದೆ. ಇನ್ನೇನು ಹೇಳಬೇಕಿತ್ತು?

ಪರೀಕ್ಷೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ನಾನೂ ಡಿ.ಎಡ್ ಓದಿದವಳು. ಅಮೆರಿಕದ ಮನಃಶಾಸ್ತ್ರಜ್ಞೆ ಸುಸಾನ್ ಡೆನ್ಹಮ್ ಅವರು ಸಣ್ಣ ಮಕ್ಕಳಿಗಾಗಿ ಮಾಡಿದ ಗೊಂಬೆ ಪರೀಕ್ಷೆಯಲ್ಲೂ ಇವೇ ನಾಲ್ಕು ಭಾವನೆಗಳಿವೆ. ಆದರೆ ಅಲ್ಲಿ ಮಗು ಬಾಯಿ ಬಿಡದಿದ್ದರೂ ನಡೆಯುತ್ತದೆ, ಸರಿಯಾದ ಮುಖವನ್ನು ಬೆರಳಿಂದ ತೋರಿಸಿದರೂ ಅಂಕ ಉಂಟು. ಎಲ್ಲಕ್ಕಿಂತ ಮುಖ್ಯ, ಇಂಥ ಹೊತ್ತಲ್ಲಿ ನಿಮ್ಮ ಮಗುವಿಗೆ ಏನನಿಸುತ್ತದೆ ಅಂತ ಮೊದಲು ಅಪ್ಪ ಅಮ್ಮನನ್ನೇ ಕೇಳುತ್ತಾರೆ. ನಮ್ಮನ್ನು ಯಾರೂ ಏನೂ ಕೇಳಲಿಲ್ಲ.

'ಭಾವನೆ ಹೊರಗೆ ತೋರಿಸುವುದಿಲ್ಲ' ಅಂತಲೂ ಅದೇ ಕಾಗದದಲ್ಲಿದೆ. ಬೀಗರು ಬಂದಾಗ ಹಟ ಮಾಡಬೇಡ, ಎಲ್ಲರ ಮುಂದೆ ಅಳಬೇಡ ಅಂತ ಕಲಿಸಿದವರು ನಾವೇ ಅಲ್ವಾ? ಆಫ್ರಿಕಾದ ಕ್ಯಾಮರೂನ್ ದೇಶದ ಎನ್ಸೊ ಎಂಬ ಸಮುದಾಯದ ರೈತರ ಮನೆಗಳಲ್ಲೂ ಹೀಗೇ, ಮಗು ಶಾಂತವಾಗಿರಬೇಕು ಅಂತ ತಾಯಂದಿರು ಮೊದಲಿಂದಲೇ ರೂಢಿ ಮಾಡಿಸುತ್ತಾರೆ. 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಅಲ್ಲಿಯ ಮತ್ತು ಜರ್ಮನಿಯ ನಾಲ್ಕು ವರ್ಷದ ಮಕ್ಕಳ ಮುಂದೆ ಒಂದು ತಿಂಡಿ ಇಟ್ಟು, ತಿನ್ನದೆ ಕಾದರೆ ಇನ್ನೊಂದು ಕೊಡುತ್ತೇವೆ ಅಂದರು. ಎನ್ಸೊ ಮಕ್ಕಳಲ್ಲಿ ನೂರಕ್ಕೆ ಸುಮಾರು 70 ಮಂದಿ ಕಾದರು, ಜರ್ಮನಿಯವರಲ್ಲಿ ಸುಮಾರು 30. ಮನಸ್ಸನ್ನು ತಡೆದುಕೊಳ್ಳುವುದೂ ಒಂದು ಜಾಣತನವೇ ಅಲ್ವಾ? ಇಟ್ಟ ತಿಂಡಿ ಕೂಡ ಅವರವರ ಊರಿನದೇ, ಎನ್ಸೊ ಮಕ್ಕಳಿಗೆ ಅಲ್ಲಿ ಕರಿದು ಮಾರುವ ಪಫ್ ಪಫ್. ನಮ್ಮಲ್ಲಿ ಮಾಡುವುದಾದರೆ ಅಮೀನಗಡದ ಕರದಂಟು ಇಡಬೇಕು. (ನಾನಂತೂ ಕಾಯಲ್ಲ.)

ಶಾಲೆಗಳು ಎಲ್ಲಿಂದಲೋ ತರಿಸಿದ ಕಾರ್ಡು ಹಿಡಿದು ಮಕ್ಕಳಿಗೆ ನಂಬರ್ ಕೊಡುವುದನ್ನು ಮೊದಲು ನಿಲ್ಲಿಸಲಿ. ನೋಡಲೇಬೇಕು ಅಂದರೆ ಮನೆಮಾತಿನಲ್ಲಿ ಕೇಳಲಿ. ನಮ್ಮಲ್ಲಿ ಕೆಲವರ ಮನೆಮಾತು ಉರ್ದು, ಕೆಲವರದು ಲಂಬಾಣಿ, ಆ ಮಕ್ಕಳ ಗತಿ ಇನ್ನೇನಾಗಿದೆಯೋ. ಶಿಕ್ಷಣ ಇಲಾಖೆಯವರೂ ಈ ಕಾರ್ಡುಗಳನ್ನು ಒಮ್ಮೆ ತರಿಸಿ ನೋಡಲಿ.

ಕಾಗದಕ್ಕೆ ಸಹಿ ಮಾಡಿ ಸೋಮವಾರ ಕಳಿಸಿ ಅಂದಿದ್ದಾರೆ. 'ಮುನಿಸು' ಅನ್ನೋದಕ್ಕೂ ಒಂದು ಮಾರ್ಕ್ ಹಾಕಿ ಕೊಡಿ, ಆಮೇಲೆ ಸಹಿ ಮಾಡುತ್ತೇನೆ ಅಂತ ಹೇಳಿ ಬಂದಿದ್ದೇನೆ.

ಒಬ್ಬ ತಾಯಿ, ನವನಗರ, ಬಾಗಲಕೋಟೆ