‘ರನ್’ ಎಂಬ ಕ್ರಿಯಾಪದದ ಎದುರು ಕುಳಿತಿರುವ ಅನುವಾದಕಿಗೆ

ಪ್ರಿಯ ಸೋದರಿ,

ನಮಸ್ಕಾರ. ನೀವು ಇಂಗ್ಲಿಷಿನಿಂದ ಅನುವಾದಿಸಿ ಕಳಿಸಿದ ಮೂರು ಕಥೆಗಳನ್ನೂ ಮೂಲದ ಜೊತೆಗಿಟ್ಟುಕೊಂಡು ಎರಡು ಸಲ ಓದಿದೆ. ನಿಮ್ಮ ಕನ್ನಡದಲ್ಲಿ ಉಸಿರಿದೆ, ಅವಸರವಿಲ್ಲ. ಆದರೆ ಒಂದೇ ಒಂದು ಪದ ನಿಮ್ಮನ್ನು ಮತ್ತೆ ಮತ್ತೆ ಎಡವಿಸಿದೆ. ಈ ಪತ್ರವನ್ನು ಅದಕ್ಕಾಗಿಯೇ ಮೀಸಲಿಡುತ್ತೇನೆ. ಆ ಪದ ‘ರನ್’.

ಎರಡನೆಯ ಕಥೆಯಲ್ಲಿ ತಾಯಿ ನಿದ್ದೆ ಹೋದ ಮಗುವಿನ ‘ಕೂದಲಲ್ಲಿ ಬೆರಳುಗಳನ್ನು ಓಡಿಸಿದಳು’ ಎಂದು ಬರೆದಿದ್ದೀರಿ. ಮೂಲದಲ್ಲಿ ರನ್ ಇದೆ ನಿಜ, ಆದರೆ ನಮ್ಮ ಯಾವ ತಾಯಿಯೂ ಬೆರಳು ಓಡಿಸುವುದಿಲ್ಲ, ತಲೆ ನೇವರಿಸುತ್ತಾಳೆ. ‘ನೇವರಿಸು’ ಎಂದೊಡನೆ ಕೈಯ ನಿಧಾನ, ಆ ಹೊತ್ತಿನ ಮೌನ, ಮಗುವಿನ ಮೇಲಿನ ಅಕ್ಕರೆ ಎಲ್ಲವೂ ಒಟ್ಟಿಗೆ ಬಂದುಬಿಡುತ್ತವೆ. ‘ಓಡಿಸು’ ಎಂದಾಗ ಉಳಿಯುವುದು ಬೆರಳಿನ ಚಲನೆ ಮಾತ್ರ.

ಈ ಪದದ ಹರವನ್ನು ನೀವು ಒಮ್ಮೆ ಕಣ್ಣಾರೆ ನೋಡಬೇಕು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿ 1989ರಲ್ಲಿ 20 ಸಂಪುಟಗಳಾಗಿ ಬಂದಾಗ ಅದರಲ್ಲಿ ಅತ್ಯಂತ ದೀರ್ಘವಾದ ನಮೂದು ‘ಸೆಟ್’ ಎಂಬ ಪುಟ್ಟ ಪದದ್ದಾಗಿತ್ತು. ಅದಕ್ಕೆ ಸುಮಾರು 430 ಅರ್ಥಗಳನ್ನು ಕೊಟ್ಟಿದ್ದರು. ಮುಂದೆ ಪರಿಷ್ಕರಣೆಯ ಕೆಲಸದಲ್ಲಿ ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ‘ರನ್’ ಒಂದರ ಮೇಲೆಯೇ ಸುಮಾರು ಒಂಬತ್ತು ತಿಂಗಳು ಕುಳಿತರು. ಕ್ರಿಯಾಪದವಾಗಿ ಮಾತ್ರವೇ ಅದಕ್ಕೆ 645 ಅರ್ಥಗಳು ಸಿಕ್ಕವು. ಒಂದು ಪದಕ್ಕೆ ಒಂಬತ್ತು ತಿಂಗಳು ಕೊಡುವ ಆ ತಾಳ್ಮೆಯನ್ನು ನಾನು ಮನಸಾರೆ ಗೌರವಿಸುತ್ತೇನೆ.

ಇಷ್ಟೊಂದು ಅರ್ಥಗಳು ಎಲ್ಲಿಂದ ಬಂದವು? ಹಳೆಯ ಇಂಗ್ಲಿಷಿನಲ್ಲೇ ಈ ಪದ ಮನುಷ್ಯನ ಓಟಕ್ಕೂ ನೀರಿನ ಹರಿವಿಗೂ ಒಗ್ಗಿತ್ತು. ಹರಿವಿನ ಆ ಎಳೆಯನ್ನು ಹಿಡಿದುಕೊಂಡೇ ಮೂಗು, ನಲ್ಲಿ, ಒಗೆದ ಬಟ್ಟೆಯ ಬಣ್ಣ, ಹೊಳೆಯ ಪಕ್ಕದ ದಾರಿ, ವಂಶದಲ್ಲಿ ಬಂದ ರೋಗ ಎಲ್ಲವೂ ಅದರೊಳಗೆ ಸೇರಿಕೊಂಡವು. ಯಂತ್ರಗಳ ಕಾಲ ಬಂದಾಗ ಗಿರಣಿ, ಎಂಜಿನ್ನು, ರೈಲುಗಳೂ ಅದೇ ಪದವನ್ನು ಹಿಡಿದವು; ನಮ್ಮ ಕಾಲದಲ್ಲಿ ಕಂಪ್ಯೂಟರಿನ ಪ್ರೋಗ್ರಾಂ ಹಿಡಿದಿದೆ.

ಕನ್ನಡದಲ್ಲಿ ಇವೆಲ್ಲ ಒಂದೇ ಮನೆಯಲ್ಲಿಲ್ಲ. ಮೂಗು ಸೋರುತ್ತದೆ, ನಲ್ಲಿ ಸುರಿಯುತ್ತದೆ, ಬಟ್ಟೆ ಬಣ್ಣ ಬಿಡುತ್ತದೆ, ದಾರಿ ಸಾಗುತ್ತದೆ, ರೋಗ ವಂಶಪಾರಂಪರ್ಯವಾಗಿ ಬರುತ್ತದೆ. ಹೋಟೆಲನ್ನು ನಡೆಸುತ್ತೇವೆ. ಡಬ್ಬಿಯಲ್ಲಿ ಅಕ್ಕಿ ಮುಗಿಯುತ್ತದೆ, ಹಳೆಯ ಗೆಳತಿ ಸಂತೆಯಲ್ಲಿ ಎದುರಾಗುತ್ತಾಳೆ, ಬ್ಯಾಂಕು ಮುಳುಗುತ್ತದೆಂಬ ಸುದ್ದಿ ಹಬ್ಬಿದರೆ ಠೇವಣಿ ಇಟ್ಟವರು ಮುಗಿಬೀಳುತ್ತಾರೆ. ಇಂಗ್ಲಿಷಿನಲ್ಲಿ ಇಷ್ಟಕ್ಕೂ ರನ್ ಸಾಕು. ಚುನಾವಣೆಯ ಮಾತಂತೂ ಇನ್ನೂ ಸ್ವಾರಸ್ಯದ್ದು: ಅಮೆರಿಕದ ಅಭ್ಯರ್ಥಿ ಓಡುತ್ತಾನೆ, ಬ್ರಿಟನ್ನಿನ ಅಭ್ಯರ್ಥಿ ನಿಲ್ಲುತ್ತಾನೆ. ನಮ್ಮಲ್ಲೂ ‘ಈ ಸಲ ನಮ್ಮ ಕ್ಷೇತ್ರದಿಂದ ಯಾರು ನಿಂತಿದ್ದಾರೆ?’ ಎಂದೇ ಕೇಳುತ್ತಾರೆ. ನಿಮ್ಮ ಮೂರನೆಯ ಕಥೆಯ ಮೇಯರ್ ‘ಚುನಾವಣೆಗೆ ಓಡಿದ’ ಎಂಬುದನ್ನು ದಯವಿಟ್ಟು ನಿಲ್ಲಿಸಿರಿ.

ಹಾಗೆಂದು ‘ಓಡು’ ಎಂಬುದಕ್ಕೆ ಹೆದರಬೇಕಾಗಿಲ್ಲ. ಸಿನಿಮಾ ನೂರು ದಿನ ಓಡುತ್ತದೆ, ಆಟೋದ ಮೀಟರ್ ಓಡುತ್ತದೆ, ದಣಿದಾಗ ತಲೆ ಓಡುವುದಿಲ್ಲ; ಇವು ಜನರು ತಾವಾಗಿ ಬೆಳೆಸಿದ ಅರ್ಥಗಳು. ಕ್ರಿಕೆಟ್ಟಿನ ರನ್ನನ್ನು ಮಾತ್ರ ಅನುವಾದಿಸಲು ಹೋಗಬೇಡಿ. ಅದು ಹಳ್ಳಿಯ ಬಯಲಿನಲ್ಲಿ ಆಡುವ ಹುಡುಗರ ಬಾಯಲ್ಲೂ ಕನ್ನಡವಾಗಿ ನಿಂತಿದೆ.

ಇಂಗ್ಲಿಷಿನ ಪದಗಳು ಮಾತ್ರ ಹೀಗೆ ಹರಡಿಕೊಂಡಿವೆ ಎಂದು ತಿಳಿಯಬೇಡಿ. ನಮ್ಮ ‘ಹರಿ’ಯನ್ನೇ ತೆಗೆದುಕೊಳ್ಳಿ. ನೀರು ಹರಿಯುತ್ತದೆ, ಹಾವು ಹರಿಯುತ್ತದೆ, ಹಳೆಯ ಸೀರೆ ಹರಿಯುತ್ತದೆ, ಬೆಳಕು ಹರಿಯುತ್ತದೆ, ಜಗಳ ಬಗೆಹರಿಯುತ್ತದೆ, ಸಭೆಯ ಗಮನ ಒಂದು ಕಡೆ ಹರಿಯುತ್ತದೆ. ಹಳಗನ್ನಡದಲ್ಲಿ ಇದು ‘ಪರಿ’; ಆಗ ಓಡುವುದು, ಹರಿಯುವುದು ಎರಡಕ್ಕೂ ಅದೇ ಮಾತಾಗಿತ್ತು. ಎಷ್ಟು ದೂರದ ಎರಡು ಭಾಷೆಗಳು ಓಟವನ್ನೂ ನೀರನ್ನೂ ಒಂದೇ ಪದದಲ್ಲಿ ಕಂಡಿವೆ ನೋಡಿ! ನಮ್ಮ ಕಥೆಯನ್ನು ಇಂಗ್ಲಿಷಿಗೆ ಒಯ್ಯುವವರು ‘ಬೆಳಕು ಹರಿಯಿತು’ ಎಂಬಲ್ಲಿ ನಿಮ್ಮಂತೆಯೇ ತಡೆದು ನಿಲ್ಲಬೇಕಾಗುತ್ತದೆ.

ನಾನು ಅನುಸರಿಸುವ ದಾರಿಯನ್ನು ಹೇಳುತ್ತೇನೆ. ಇಂಥ ಪದ ಎದುರಾದಾಗ ಮೂಲ ಪುಸ್ತಕವನ್ನು ಮುಚ್ಚಿಡುತ್ತೇನೆ. ಅಲ್ಲಿ ಏನು ನಡೆಯಿತೆಂಬುದನ್ನು ನಮ್ಮ ಮನೆಯವರಿಗೆ ಬಾಯಲ್ಲಿ ಹೇಳುತ್ತೇನೆ. ಹೇಳುವಾಗ ಬಂದ ಕ್ರಿಯಾಪದವನ್ನು ಬರೆದುಕೊಂಡು, ಆಮೇಲೆ ಮೂಲವನ್ನು ತೆರೆದು ಏನಾದರೂ ಕಳೆದುಹೋಗಿದೆಯೇ ಎಂದು ನೋಡುತ್ತೇನೆ. ಅನುಮಾನ ಉಳಿದರೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ತೆಗೆಯುತ್ತೇನೆ. ಅದರಲ್ಲಿ ಅರ್ಥದ ಜೊತೆಗೆ ಶಾಸನಗಳಿಂದಲೂ ಕಾವ್ಯಗಳಿಂದಲೂ ಆಯ್ದ ಪ್ರಯೋಗಗಳಿವೆ. ನೀವು ಅರ್ಥಕ್ಕಿಂತ ಮೊದಲು ಆ ಪ್ರಯೋಗಗಳನ್ನೇ ಓದಿ, ಏಕೆಂದರೆ ಪದ ಯಾರ ಜೊತೆ ಬಾಳಿದೆ ಎಂಬುದು ಅಲ್ಲಿ ಮಾತ್ರ ತಿಳಿಯುತ್ತದೆ.

ನಿಮ್ಮ ಹಸ್ತಪ್ರತಿಯನ್ನು ಹಿಂದಿರುಗಿಸುತ್ತಿದ್ದೇನೆ. ಹದಿನಾಲ್ಕು ಕಡೆ ಪೆನ್ಸಿಲಿನಿಂದ ಗುರುತು ಹಾಕಿದ್ದೇನೆ; ಬದಲಿ ಪದಗಳನ್ನು ಬರೆದಿಲ್ಲ, ಅವು ನಿಮ್ಮ ಬಾಯಿಂದಲೇ ಬರಬೇಕು. ಮೊದಲ ಕಥೆಯ ಕೊನೆಯಲ್ಲಿ ಹುಡುಗ ಮಳೆಯಲ್ಲಿ ಬಸ್ಸಿನ ಹಿಂದೆ ಓಡುತ್ತಾನಲ್ಲ, ಅಲ್ಲಿ ಗುರುತಿಲ್ಲ. ತಿದ್ದಿದ ಪ್ರತಿಯನ್ನು ನಿಧಾನವಾಗಿಯೇ ಕಳಿಸಿ, ಕಾಯುತ್ತಿರುತ್ತೇನೆ.

ಇತಿ,
ನಿಮ್ಮ ಹಿರಿಯ ಓದುಗ