ಗುರುವಾರದ ಸಿಸ್ಟೋಮೆಟ್ರಿ: ಸಬ್‌ಸ್ಟೆನ್ಸ್ ಪಿ ಸರಣಿ

ಎಲ್ಲರಿಗೂ ನಮಸ್ಕಾರ. ಗುರುವಾರ ಬೆಳಿಗ್ಗೆ 9ಕ್ಕೆ ಇಲಿಗಳ ಬೆನ್ನುಹುರಿಗೆ ಸಬ್‌ಸ್ಟೆನ್ಸ್ ಪಿ (ನರಕೋಶಗಳ ಸಂದೇಶವಾಹಕ ಪೆಪ್ಟೈಡ್) ಕೊಟ್ಟು ಮೂತ್ರಕೋಶದ ಒತ್ತಡ ದಾಖಲಿಸುತ್ತೇವೆ; ಇದೇ ಸಿಸ್ಟೋಮೆಟ್ರಿ. ಸರ್ಜರಿ ಮತ್ತು ರೆಕಾರ್ಡಿಂಗ್ ಪಾಳಿಯವರು ದಯವಿಟ್ಟು ಓದಿ.

ಅರಿವಳಿಕೆಗೆ ಯುರೆಥೇನ್, ಕೆಜಿಗೆ 1.2 ಗ್ರಾಂ. ಸರ್ಜರಿ ವೇಳೆ ಕೊಡುವ ಅರಿವಳಿಕೆ ಐಸೋಫ್ಲುರೇನ್ ಮೂತ್ರ ವಿಸರ್ಜನೆಯ ಪ್ರತಿವರ್ತನೆಯನ್ನೇ ಅಡಗಿಸುತ್ತದೆ, ಹಾಗಾಗಿ ಸರ್ಜರಿ ಮುಗಿದ ಕೂಡಲೇ ನಿಲ್ಲಿಸಿ. ಯುರೆಥೇನ್ ಕ್ಯಾನ್ಸರ್‌ಕಾರಕ, ಗ್ಲೌಸ್ ಇಲ್ಲದೆ ಬಾಟಲಿ ಮುಟ್ಟಬೇಡಿ.

ಮೂತ್ರಕೋಶದ ತುದಿಗೆ ಪಿಇ-50 (ಪಾಲಿಎಥಿಲೀನ್) ನಳಿಕೆ, ಸಲೈನ್ ನಿಮಿಷಕ್ಕೆ 0.04 ಮಿಲಿ. ನಳಿಕೆಯಲ್ಲಿ ಒಂದೇ ಒಂದು ಗಾಳಿಗುಳ್ಳೆ ಉಳಿದರೂ ಒತ್ತಡದ ಶಿಖರಗಳು ಮೊಂಡಾಗುತ್ತವೆ; ಆಮೇಲೆ ಅದನ್ನು ಔಷಧದ ಪರಿಣಾಮ ಅಂತ ಓದಿಬಿಡುತ್ತೇವೆ. ಟ್ರಾನ್ಸ್‌ಡ್ಯೂಸರ್ (ಒತ್ತಡ ಅಳೆಯುವ ಸಂವೇದಕ) ಹೊಂದಿಸುವಾಗ 13.6 ಸೆಂಮೀ ನೀರು ಅಂದರೆ 10 ಮಿಮೀ ಪಾದರಸ.

ಹೆಚ್ಚು ಎಡವಟ್ಟಾಗುವುದು ಬೆನ್ನುಹುರಿಗೆ ಔಷಧ ಒಯ್ಯುವ ಪಿಇ-10 ನಳಿಕೆ ಕೂರಿಸುವಲ್ಲಿ. ಹುರಿಯ ಎಲ್6-ಎಸ್1 ಖಂಡ (ಮೂತ್ರಕೋಶದ ನರಗಳು ಸೇರುವ ಭಾಗ) ಅದೇ ಹೆಸರಿನ ಕಶೇರುಮಣಿಯ ಬಳಿ ಸಿಗುವುದಿಲ್ಲ. ಅದಕ್ಕಿಂತ ಸಾಕಷ್ಟು ಮುಂದೆ, ತಲೆಯ ಕಡೆಗೆ, ಸೊಂಟದ ಮೊದಲ ಮಣಿಯ ಆಸುಪಾಸಿನಲ್ಲಿರುತ್ತದೆ. ಕೊನೆಗೆ ಬಣ್ಣ ಬಿಟ್ಟು, ಹುರಿ ತೆರೆದು ತುದಿ ಎಲ್ಲಿತ್ತು ಎಂದು ನೋಡಲೇಬೇಕು.

ಔಷಧ 10 ಮೈಕ್ರೋಲೀಟರ್, ಹಿಂದೆಯೇ ಅಷ್ಟೇ ಸಲೈನ್. ಸಂಕೋಚನಗಳು ಒಂದೇ ಲಯಕ್ಕೆ ಬರುವ ತನಕ ಕಾಯಿರಿ, ಮೊದಲು ಬರೀ ದ್ರಾವಕ ಕೊಡಿ. ಪೆಪ್ಟೈಡ್ ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತದೆ, ಅದರ ಮೆಥಿಯೋನಿನ್ ಆಕ್ಸಿಡೀಕರಣವಾಗುತ್ತದೆ. ಒಬ್ಬೊಬ್ಬರ ಪಾಲಿಗೆ ಬೇರೆ ಬೇರೆ ಟ್ಯೂಬ್. ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ.

ಯಾರು ಯಾವ ಪಾಳಿ ಎಂದು ಇವತ್ತು ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಎನ್‌ಕೆ1 (ಸಬ್‌ಸ್ಟೆನ್ಸ್ ಪಿ ಕೂರುವ ಗ್ರಾಹಿ) ತಡೆಕಾರಿಯ ದಾಸ್ತಾನು ಯಾರ ಬಳಿ ಇದೆಯೋ ಅವರು ತಕ್ಷಣ ತಿಳಿಸಿ.