ಮಂಜನಿಗೆ, ಕಿಲೋಮೀಟರ್ ಲೆಕ್ಕದಲ್ಲಿ

ಲೋ ಮಂಜ,

ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಆದ್ದರಿಂದ ಅರಸೀಕೆರೆ ಜಂಕ್ಷನ್ನಿನ ಮಜ್ಜಿಗೆ ವಿಷಯ ಎತ್ತುವುದಿಲ್ಲ. ನಿನ್ನ ಮನೆಯವರು ನಿಶ್ಚಿಂತೆಯಿಂದ ಓದಬಹುದು.

ನಾನಿರುವ ಅರಿಜೋನಾದ ಟೂಸಾನ್‌ನಿಂದ ಮೆಕ್ಸಿಕೋ ಗಡಿಯ ನೊಗಾಲೆಸ್‌ಗೆ ಒಂದು ಹೈವೇ ಇದೆ, ಇಂಟರ್‌ಸ್ಟೇಟ್ 19. ಬರೀ 102 ಕಿಲೋಮೀಟರ್. ಹೌದು ಕಣೋ, ಕಿಲೋಮೀಟರ್! ಇಡೀ ಅಮೆರಿಕ ಮೈಲಿಯಲ್ಲಿ ಓಡುವಾಗ ಈ ರಸ್ತೆಯ ದೂರದ ಬೋರ್ಡುಗಳು ನಮ್ಮ ಲೆಕ್ಕದಲ್ಲಿವೆ. ದೇಶವನ್ನೇ ಮೆಟ್ರಿಕ್ ಮಾಡುತ್ತೇವೆ ಅಂತ ಒಂದು ಕಾಲದಲ್ಲಿ ಹೊರಟಿದ್ದರು. ಆಮೇಲೆ ಕೈಬಿಟ್ಟರು, ಬೋರ್ಡು ಉಳಿದವು. 2009ರಲ್ಲಿ ಬದಲಿಸಲು ದುಡ್ಡು ಬಂದಾಗ ದಾರಿಯ ಊರಿನವರೇ ಬೇಡ ಅಂದರು. ಎಕ್ಸಿಟ್ ನಂಬರೂ, ಅಂದರೆ ಹೈವೇಯಿಂದ ಇಳಿಯುವ ದಾರಿಯ ನಂಬರೂ, ಕಿಲೋಮೀಟರಿನದೇ. ಅದು ಬದಲಾದರೆ ಅಂಗಡಿ, ಹೋಟೆಲಿನವರು ದಾರಿ ಹೇಳಲು ಆ ನಂಬರ್ ಸೇರಿಸಿ ಅಚ್ಚು ಹಾಕಿಸಿದ ಕಾಗದವೆಲ್ಲ ರದ್ದಿ ಅಲ್ವಾ! ವೇಗದ ಮಿತಿ ಮಾತ್ರ ಇವತ್ತಿಗೂ ಮೈಲಿಯಲ್ಲೇ ಇದೆ.

ಭಾನುವಾರ ಸುಮ್ನೆ ಹೋಗುತ್ತಿರುತ್ತೇನೆ. 1797ರ ಬಿಳಿ ಚರ್ಚು, ಸಾವಾರೀಟಾದ ಪೆಕಾನ್ ತೋಟ, ಟೊಮೇಟೊ ತುಂಬಿಕೊಂಡು ಎದುರಿಗೆ ಬರುವ ಲಾರಿಗಳು. ಪಕ್ಕದಲ್ಲಿ ಸಾಂತಾ ಕ್ರೂಜ್ ನದಿ. ಅದು ಇಲ್ಲೇ ಹುಟ್ಟಿ, ಮೆಕ್ಸಿಕೋಗೆ ಹೋಗಿ, ತಿರುಗಿ ಇಲ್ಲಿಗೇ ಬರುತ್ತದೆ. ಇದರ ಮೇಲೆ ನೀನು ಕವಿತೆ ಬರೆದರೆ ನನ್ನಾಣೆ, ನಾನು ಓದುವುದಿಲ್ಲ.

ನೊಗಾಲೆಸ್‌ನಲ್ಲಿ ಬೇಲಿಯ ಕಬ್ಬಿಣದ ಕಂಬಗಳ ಸಂದಿಯಿಂದ ಆಚೆ ಮೆಕ್ಸಿಕೋದಲ್ಲಿರುವ ಅದೇ ಹೆಸರಿನ ನೊಗಾಲೆಸ್ ನೋಡಿ ವಾಪಸ್. ದಾರಿಯ ಟೂಬಾಕ್ ಊರಿನ ಹತ್ತಿರ ಗಡಿ ಪೊಲೀಸರ ತಪಾಸಣೆ ಇರುತ್ತದೆ. ಗಡಿ ದಾಟದವರೂ ನಿಲ್ಲಬೇಕು. ‘ಸಿಟಿಜನ್ನಾ?’ ಅಂತ ಕೇಳುತ್ತಾರೆ. ನಾನು ಪಾಸ್‌ಪೋರ್ಟು, ಕಾಗದ ಎಲ್ಲ ಮೊದಲೇ ಮಡಿಲಲ್ಲಿ ಇಟ್ಟುಕೊಂಡಿರುತ್ತೇನೆ. ಎಲ್ಲ ಸರಿಯಾಗೇ ಇದೆ. ಆದರೂ ಒಂದು ಕಿಲೋಮೀಟರ್ ಮೊದಲೇ ಹಾಡು ಆಫ್ ಮಾಡಿ, ಬೆನ್ನು ನೆಟ್ಟಗೆ ಮಾಡಿ ಕೂರುತ್ತೇನೆ. ಮೊನ್ನೆ ಮುಂದಿನ ಕಾರನ್ನು ಪಕ್ಕಕ್ಕೆ ಕಳಿಸಿದರು, ನನ್ನನ್ನು ಬಿಟ್ಟರು. ಖುಷಿಯಾಯಿತು ಕಣೋ. ಆ ಕಾರಿನ ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಆಮೇಲೆ ಆ ಖುಷಿ ಏನು ಮಾಡಿದರೂ ಇಳಿಯಲೇ ಇಲ್ಲ, ಗಂಟಲಲ್ಲೇ ಕೂತಿತು.

ಅಪ್ಪನ ವರ್ಷದ ತಿಥಿಗೆ ಯಾಕೆ ಬರಲಿಲ್ಲ ಅಂತ ಕೇಳಿದ್ದೆಯಲ್ಲ, ಪ್ರಾಜೆಕ್ಟ್ ಅಂದಿದ್ದೆ. ಪ್ರಾಜೆಕ್ಟೂ ಇಲ್ಲ, ಮಣ್ಣೂ ಇಲ್ಲ. ಪಾಸ್‌ಪೋರ್ಟಿನ ವೀಸಾ ಸ್ಟಾಂಪ್ ಮುಗಿದಿದೆ. ಇಲ್ಲಿರಲು ತೊಂದರೆ ಇಲ್ಲ. ಹೊರಗೆ ಹೋದರೆ ಮತ್ತೆ ಒಳಗೆ ಬರಲು ಹೊಸದು ಬೇಕು. ಕೊಡದಿದ್ದರೆ? ಟಿಕೆಟ್ ನೋಡಿದೆ, ಲ್ಯಾಪ್‌ಟಾಪ್ ಮುಚ್ಚಿದೆ. ಅಪ್ಪನಿಗಿಂತ ಈ ಕೆಲಸ ದೊಡ್ಡದಾಗಿತ್ತಾ ಅಂತ ಕೇಳಬೇಡ. ಕೇಳಿಕೊಂಡಾಗಿದೆ.

ಅಯ್ಯೋ, ಇದನ್ನೆಲ್ಲ ಬರೆಯಬೇಕು ಅಂತ ಕೂತವನಲ್ಲ. ಟೊಮೇಟೊ ರೇಟು ಹೇಳಿ ಮುಗಿಸುವವನಿದ್ದೆ. ಲೈಕ್ ಒತ್ತುವವರು ಮೇಲಿನ ಪ್ಯಾರಾ ಬಿಟ್ಟು ಒತ್ತಿ.

ಅಮ್ಮನ ಹತ್ತಿರ ಬಾಯಿ ಬಿಡಬೇಡ ಮತ್ತೆ. ಒಂದು ಸಲ ಫೋನಿನಲ್ಲಿದ್ದಾಗ ತಪಾಸಣೆ ಬಂತು, ಟೋಲ್ ಗೇಟು ಅಂದುಬಿಟ್ಟೆ. ಎಷ್ಟು ತಗೊಂಡರು ಅಂದಳು. ಎಪ್ಪತ್ತು ರೂಪಾಯಿ ಅಂದೆ.

‘ಜಾಸ್ತಿ ಆಯ್ತಲ್ಲೋ, ಬೇರೆ ದಾರಿ ಇಲ್ವಾ?’ ಅಂದಳು.

ನಿನ್ನ,
ಗುಂಡ